ಹಳ್ಳವೋ ಹೊಳೆಯೋ: ಬೋರಿ ನದಿಯ ದಾರಿ ಮತ್ತು ಅದರ ಮೇಲಿನ ಗೋಡೆಗಳು

ಬೆಳಿಗ್ಗೆಯಿಂದ ಕೃಷ್ಣಾ, ತುಂಗಭದ್ರಾ, ಭೀಮಾ ಅಂತ ದೊಡ್ಡ ಹೊಳೆಗಳ ಮಾತು ನಡೆದಿದೆ. ಅವುಗಳ ಮಗ್ಗುಲಿಗೆ ನಾನೊಂದು ಸಣ್ಣ ನದಿಯನ್ನು ತಂದು ಕೂಡಿಸುವವನಿದ್ದೇನೆ. ಹೆಸರು ಬೋರಿ. ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಚಪಳಗಾಂವದ ಸುತ್ತಿನ ಹಳ್ಳಿಗಳಿಗೆ ನದಿ ಅಂದರೆ ಇದೇ. ನಿಮ್ಮಲ್ಲಿ ಎಷ್ಟೋ ಜನ ಈ ಹೆಸರು ಕೇಳಿರಲಿಕ್ಕಿಲ್ಲ. ಕೇಳಿದವರೂ ಮಳೆಗಾಲದಲ್ಲಿ ‘ಕುರನೂರ ಜಲಾಶಯದಿಂದ ನೀರು ಬಿಡುಗಡೆ, ಕೆಳಗಿನ ಸೇತುವೆಗಳು ಜಲಾವೃತ’ ಎಂಬ ನಾಲ್ಕು ಸಾಲಿನ ಸುದ್ದಿಯಲ್ಲಿ ಕೇಳಿರುತ್ತೀರಿ.

ನಮ್ಮ ಕಡೆ ಭೀಮೆಗೆ ಮಾತ್ರ ‘ಹೊಳಿ’ ಅಂತಾರ. ಬೋರಿಗೆ ‘ಹಳ್ಳ’ ಅನ್ನೋದೇ ಹೆಚ್ಚು. ಕಾಗದದಲ್ಲಿ ಅದು ನದಿ, ಬಾಯಲ್ಲಿ ಹಳ್ಳ. ಇದು ಬರೀ ಮಾತಿನ ಸಂಗತಿಯಲ್ಲ. ಹಳ್ಳ ಅಂದುಕೊಂಡದ್ದಕ್ಕೆ ಯಾರೂ ಚರಿತ್ರೆ ಬರೆಯುವುದಿಲ್ಲ, ಎತ್ತರದ ಸೇತುವೆಯನ್ನೂ ಕಟ್ಟುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಒಂದೇ. ಬೋರಿಯ ಇತಿಹಾಸ ತುಂಡುತುಂಡಾಗಿ ಉಳಿದಿದೆ. ಯಾಕೆಂದರೆ ಅದರ ಬಗ್ಗೆ ಬರೆದವರು, ಅದರ ಮೇಲೆ ಗೋಡೆ ಕಟ್ಟಿದವರು, ಎಲ್ಲರೂ ತಮ್ಮ ತಮ್ಮ ಸೀಮೆಯ ತನಕ ಮಾತ್ರ ಅದನ್ನು ನೋಡಿದರು. ನೀರು ಸೀಮೆ ದಾಟಿ ಹೋಯಿತು, ಕಡತ ದಾಟಲಿಲ್ಲ. ಹಾಗಾಗಿ ಕಡತ ಬಿಟ್ಟು ನೀರಿನ ಜೊತೆಗೇ ಸ್ವಲ್ಪ ದೂರ ನಡೆಯೋಣ.

ಬೋರಿ ಹುಟ್ಟುವುದು ತುಳಜಾಪುರದ ಕಡೆಯ ಬಾಲಾಘಾಟದ ಗುಡ್ಡಸಾಲಿನಲ್ಲಿ. ಆ ಜಿಲ್ಲೆಗೆ ಈಗ ಧಾರಾಶಿವ ಅಂತ ಹೆಸರು, ಮೊನ್ನೆ ಮೊನ್ನೆಯವರೆಗೆ ಉಸ್ಮಾನಾಬಾದ. ಬಾಲಾಘಾಟವನ್ನು ಸಹ್ಯಾದ್ರಿಯಂತೆ ಕಲ್ಪಿಸಿಕೊಳ್ಳಬೇಡಿ. ಅಲ್ಲಿ ಶಿಖರ, ಕಾಡು, ಕಣಿವೆ ಅಂತ ಏನೂ ಕಣ್ಣಿಗೆ ಹೊಡೆಯುವುದಿಲ್ಲ. ಸೊಲ್ಲಾಪುರದ ಬಯಲಿನಿಂದ ಉತ್ತರಕ್ಕೆ ಹೋದರೆ ಘಾಟಿನ ರಸ್ತೆ ಹತ್ತಿ ಒಂದು ಮೇಜಿನಂಥ ನೆಲದ ಮೇಲೆ ಬಂದುಬಿಡುತ್ತೀರಿ, ಅಷ್ಟೇ. ಆದರೆ ಈ ಸಾಧಾರಣ ಕಾಣುವ ಏರು ದೊಡ್ಡ ಕೆಲಸ ಮಾಡುತ್ತದೆ. ಏರಿನ ಉತ್ತರ ಮಗ್ಗುಲಿಗೆ ಬಿದ್ದ ಮಳೆ ತೇರಣಾ ನದಿ ಹಿಡಿದು ಮಾಂಜರೆಗೆ, ಅಲ್ಲಿಂದ ಗೋದಾವರಿಗೆ ಹೋಗುತ್ತದೆ. ದಕ್ಷಿಣ ಮಗ್ಗುಲಿಗೆ ಬಿದ್ದದ್ದು ಬೋರಿ ಹಿಡಿದು ಭೀಮೆಗೆ, ಭೀಮೆಯಿಂದ ಕೃಷ್ಣೆಗೆ. ಎರಡು ಮಹಾನದಿಗಳ ನೀರನ್ನು ಬೇರೆ ಮಾಡುವ ಬದು ಇದು. ನಮ್ಮ ಹೊಲದ ಬದುವಿನಂತೆಯೇ, ಮೇಲೆ ನಿಂತಾಗ ದೊಡ್ಡದೇನೂ ಅನ್ನಿಸುವುದಿಲ್ಲ.

ಅಲ್ಲಿಂದ ನದಿ ಸ್ಥೂಲವಾಗಿ ದಕ್ಷಿಣಕ್ಕೆ ಇಳಿಯುತ್ತದೆ. ನಳದುರ್ಗದ ಕೋಟೆಯನ್ನು ಬಳಸಿ, ಅಕ್ಕಲಕೋಟೆ ತಾಲ್ಲೂಕಿಗೆ ಬಂದು, ಹರಣಾ ಎಂಬ ಇನ್ನೊಂದು ಹಳ್ಳದ ನೀರನ್ನೂ ಕೂಡಿಸಿಕೊಂಡು ಕುರನೂರ ಜಲಾಶಯದಲ್ಲಿ ನಿಲ್ಲುತ್ತದೆ. ಒಡ್ಡು ದಾಟಿದ ಮೇಲೆ ಬೋರಿ ಉಮರಗೆ, ಮಿರಜಗಿ, ಬಬಲಾದದಂಥ ಊರುಗಳ ಮಗ್ಗುಲಿಂದ ಹೋಗಿ, ಕರ್ನಾಟಕದ ಅಫಜಲಪುರ ತಾಲ್ಲೂಕಿಗೆ ಇಳಿದು ಭೀಮೆಗೆ ಸೇರುತ್ತದೆ. ಊರಿನ ಹೆಸರುಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳ್ರಿ. ಉಮರಗೆ, ಮಿರಜಗಿ, ಮೈಂದರ್ಗಿ. ಈ ‘ಗೆ’, ‘ಗಿ’ ಕೊನೆಗಳು ಧಾರವಾಡ, ವಿಜಯಪುರದ ಕಡೆಯೂ ಸಿಗುತ್ತವೆ. ಸ್ಥಳನಾಮಗಳ ಬೆನ್ನುಹತ್ತಿ ಕನ್ನಡದ ಹಳೆಯ ಹರವನ್ನು ಹುಡುಕಿದ ಶಂ.ಬಾ. ಜೋಶಿಯವರು 1930ರ ದಶಕದಲ್ಲೇ ಈ ದಾರಿ ತೋರಿಸಿದ್ದರು. ನಮ್ಮೂರಿನ ಹೆಸರಿನ ಕೊನೆಗೆ ಮಾತ್ರ ಮರಾಠಿಯ ‘ಗಾಂವ’ ಇದೆ. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ಅದರ ಜಗಳ ಇಲ್ಲಿ ಬೇಡ.

ಈಗ ಕಲ್ಲಿನ ಮಾತು. ಬೋರಿಯ ಪೂರ್ತಿ ಪಾತ್ರ ಇರುವುದು ದಖನ್ನಿನ ಕರಿಕಲ್ಲಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ನೆಲ ಇದು. ಭೂವಿಜ್ಞಾನಿಗಳು ಇದನ್ನು ‘ಡೆಕ್ಕನ್ ಟ್ರ್ಯಾಪ್’ ಅಂತಾರೆ. ‘ಟ್ರ್ಯಾಪ್’ ಅನ್ನುವುದು ಸ್ವೀಡಿಶ್ ಭಾಷೆಯ ಮೆಟ್ಟಿಲು ಎಂಬ ಪದದಿಂದ ಬಂದದ್ದು. ಬೋರಿ ಹರಿಯುವುದು ನಿಜಕ್ಕೂ ಮೆಟ್ಟಿಲಿನ ಮೇಲೆಯೇ. ಪದರ ಮುಗಿದಲ್ಲಿ ಧುಮುಕುತ್ತದೆ, ಪದರದ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಎರಡು ಪದರಗಳ ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನ ಪಟ್ಟಿ ಇರುತ್ತದೆ, ಅದರ ಮೇಲೆ ಮುರುಮು. ನಮ್ಮ ಬಾವಿ ತೋಡುವವರಿಗೆ ಭೂವಿಜ್ಞಾನದ ಪುಸ್ತಕ ಬೇಕಿಲ್ಲ. ಮುರುಮು ಸಿಕ್ಕರೆ ಸೆಲೆ ಸಿಗಬಹುದು, ಗಟ್ಟಿ ಕರಿಕಲ್ಲು ಹತ್ತಿದರೆ ಸಿಗುವುದಿಲ್ಲ, ಇದು ಅವರಿಗೆ ಗೊತ್ತು.

ಇಂಥ ಕಲ್ಲು ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅದರ ಮೇಲಿನ ಎರೆಭೂಮಿಯೋ, ಬ್ಯಾಸಿಗೆಯಲ್ಲಿ ಬಿರುಕು ಬಿಟ್ಟು ಮೊದಲ ಮಳೆ ಎಲ್ಲ ಕುಡಿದುಬಿಡುತ್ತದೆ. ಒಮ್ಮೆ ತುಂಬಿ ಮುಚ್ಚಿಕೊಂಡಿತೆಂದರೆ ಮುಂದಿನ ಹನಿಯನ್ನು ಒಳಗೆ ಬಿಡುವುದಿಲ್ಲ. ಸೊಲ್ಲಾಪುರದ ಕಡೆಯ ದೊಡ್ಡ ಮಳೆ ಜೂನ್, ಜುಲೈಯದಲ್ಲ. ಉತ್ತರಿ, ಹಸ್ತ, ಅಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರಿನ ಮೊದಲ ಭಾಗದ್ದು. ನಮ್ಮ ಹಿಂಗಾರಿ ಜೋಳ ನಿಂತಿರುವುದು ಈ ಮಳೆಯ ಮೇಲೆ. ಆ ಹೊತ್ತಿಗೆ ಎರಿ ತುಂಬಿ ಕೂತಿರುತ್ತದೆ, ಬಿದ್ದದ್ದೆಲ್ಲ ಹಳ್ಳಕ್ಕೆ. ಅದಕ್ಕೇ ಬೋರಿ ಮುಂಗಾರಿನ ಬಹುಪಾಲು ಕಾಲ ಮೊಣಕಾಲು ಮಟ್ಟ ಹರಿದು, ಒಂದು ರಾತ್ರಿಯಲ್ಲಿ ಎದ್ದು, ಎರಡು ದಿನ ದಂಡೆ ಮೀರಿ, ಫೆಬ್ರುವರಿ ಮಾರ್ಚ್ ಹೊತ್ತಿಗೆ ಉಸುಕಿನಲ್ಲಿ ವರತಿ ತೋಡುವ ಸ್ಥಿತಿಗೆ ಬರುವ ನದಿ. ಇಂಥ ನದಿಯಿಂದ ವರ್ಷವಿಡೀ ನೀರು ಪಡೆಯಬೇಕಾದರೆ ತಡೆದು ನಿಲ್ಲಿಸಲೇಬೇಕು. ಈ ಸೀಮೆಯ ಹಳೆಯ ಜನಕ್ಕೆ ಅದು ಗೊತ್ತಿತ್ತು. 12ನೇ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿದ್ದನ್ನು ನಾವು ಭಕ್ತಿಯ ಕತೆಯಾಗಿ ಓದುತ್ತೇವೆ. ಈ ಕಲ್ಲು, ಈ ಮಳೆ ನೋಡಿದವರಿಗೆ ಅದು ಲೆಕ್ಕಾಚಾರದ ಕೆಲಸವೂ ಹೌದು.

ಬೋರಿಯ ಮೇಲಿನ ಅತಿ ದೊಡ್ಡ ಹಳೆಯ ಗೋಡೆ ನಳದುರ್ಗದ್ದು. ನಳ-ದಮಯಂತಿಯರ ಕತೆಗೆ ಈ ಊರನ್ನು ಗಂಟು ಹಾಕುವ ರೂಢಿ ಇದೆ. ಅದು ಹೆಸರಿನಿಂದ ಹುಟ್ಟಿದ ಕತೆ ಅಂತ ನನ್ನ ಅಭಿಪ್ರಾಯ. ಕಲ್ಯಾಣದ ಚಾಲುಕ್ಯರ ಮಾಂಡಲಿಕರ ಕಾಲದಿಂದ ಇಲ್ಲಿ ಕೋಟೆ ಇತ್ತೆಂಬ ಮಾತಿದೆ, ಆಮೇಲೆ ಬಹಮನಿಗಳು, ಆಮೇಲೆ ವಿಜಯಪುರದ ಆದಿಲಶಾಹಿಗಳು. ಈಗ ಕಾಣುವ ಕಲ್ಲಿನ ಕೋಟೆಯ ಬಹುಭಾಗ ಮೊದಲನೇ ಅಲಿ ಆದಿಲಶಾಹನ ಕಾಲದ್ದು, 16ನೇ ಶತಮಾನದ ನಡುಭಾಗದ ಈಚೆಯದು. ವಿಜಯಪುರಕ್ಕೆ ಇದು ಉತ್ತರದ ಬಾಗಿಲು. ಆಚೆ ಅಹ್ಮದನಗರದ ನಿಜಾಮಶಾಹಿ. ಸೊಲ್ಲಾಪುರ, ನಳದುರ್ಗ, ಪರಂಡಾ, ಈ ಮೂರು ಕೋಟೆಗಳ ಸುತ್ತಲೇ ಎರಡು ಮನೆತನಗಳು ತಲೆಮಾರುಗಟ್ಟಲೆ ಬಡಿದಾಡಿದವು.

ನದಿ ಇಲ್ಲಿ ಕರಿಕಲ್ಲಿನ ಮೆಟ್ಟಿಲನ್ನು ಕೊರೆದು ಇಕ್ಕಟ್ಟಾದ ಕಮರಿ ಮಾಡಿಕೊಂಡಿದೆ. ಒಂದು ದಂಡೆಗೆ ದೊಡ್ಡ ಕೋಟೆ, ಇನ್ನೊಂದು ದಂಡೆಗೆ ರಣಮಂಡಲ ಎಂಬ ಸಣ್ಣ ಕೋಟೆ. ಎರಡನೇ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರ ಸುಮಾರಿಗೆ, ಈ ಎರಡೂ ಕೋಟೆಗಳ ನಡುವೆ ನದಿಗೆ ಅಡ್ಡಲಾಗಿ ಗೋಡೆ ಎದ್ದಿತು. ಎತ್ತರ ಅಂದಾಜು 90 ಅಡಿ. ಗೋಡೆ ಒಂದು, ಕೆಲಸ ಮೂರು. ದಂಡಿಗೆ ಬಾರೋ ತಿಂಗಳು ನೀರು, ಎರಡು ಕೋಟೆಗಳ ನಡುವೆ ಸೇತುವೆ, ಆ ಮಗ್ಗುಲಿಗೆ ಕಂದಕ. ನಾಲ್ಕನೆಯದೂ ಒಂದಿದೆ, ನಮಗೆ ಇವತ್ತು ಅದೇ ಮೊದಲು ಕಾಣುವುದು: ಗೋಡೆಯ ಹೊಟ್ಟೆಯೊಳಗೇ ಕೋಣೆ, ಮೆಟ್ಟಿಲು, ಗವಾಕ್ಷ ಇಟ್ಟು ಕಟ್ಟಿದ ‘ಪಾಣಿ ಮಹಲ್’. ನೀರು ಗೋಡೆ ಮೀರಿದಾಗ ‘ನರ’ ಮತ್ತು ‘ಮಾದಿ’ ಅಂತ ಜನ ಕರೆಯುವ ಎರಡು ಕಂಡಿಗಳಿಂದ ಧುಮುಕುತ್ತದೆ. ಆ ಹೊತ್ತಿಗೆ ಒಳಗಿನ ಗವಾಕ್ಷದಲ್ಲಿ ಕೂತವನ ಮುಂದೆ ನೀರಿನ ಪರದೆ. ಮೈಮೇಲೆ ಒಂದು ಹನಿ ಬೀಳುವುದಿಲ್ಲ. ಬರೀ ಯುದ್ಧಕ್ಕೆ ಕಟ್ಟುವವನು ಇದನ್ನು ಮಾಡುವುದಿಲ್ಲ. ‘ಕಿತಾಬ್-ಎ-ನೌರಸ್’ ಬರೆದ, ಸಂಗೀತದ ಹುಚ್ಚಿನ ಅರಸನ ಕಾಲದ ಗೋಡೆ ಇದು, ಅದು ಗೊತ್ತಾಗುತ್ತದೆ.

ಸಭೆಯಲ್ಲಿ ಇಂಜಿನಿಯರ್ ಮಿತ್ರರು ಇದ್ದಾರೆ ಅಂತ ಒಂದು ಮಾತು. ಗೋಡೆ ನಿಂತಿರುವುದು ಸುಣ್ಣದ ಗಾರೆ ಮತ್ತು ತನ್ನ ಭಾರದ ಬಲದಿಂದ. ನಾಲ್ಕು ನೂರು ವರ್ಷದ ಮಹಾಪೂರಗಳು ಅದರ ತಲೆಯ ಮೇಲಿಂದಲೇ ಹಾದುಹೋಗಿವೆ. ನೀರು ಮೇಲಿಂದ ಹೋಗಲೆಂದೇ ಕಟ್ಟಿದ ಗೋಡೆ ಇದು. ಪೂರ ಬಂದಾಗ ಗೇಟು ತೆಗೆಯಬೇಕೋ ಬಿಡಬೇಕೋ ಅಂತ ಯಾರೂ ಕೂತು ಯೋಚಿಸಬೇಕಾಗಿಲ್ಲ. ಬೋರಿಯಂಥ ಒಮ್ಮೆಲೇ ಏರುವ ನದಿಯ ಸ್ವಭಾವವನ್ನು ಆ ಕಟ್ಟುಗ ಬಲ್ಲ. ಆದರೆ ಗೋಡೆಯ ಕೆಳಗಿನ ಹಳ್ಳಿಗಳಿಗೆ ಬೇಸಿಗೆಯಲ್ಲಿ ಎಷ್ಟು ನೀರು ಹೋಗುತ್ತಿತ್ತು? ಕೋಟೆಯ ಕತೆ ಹೇಳುವವರು ಈ ಪ್ರಶ್ನೆಯನ್ನು ಎತ್ತಿದ್ದು ನಾನು ಕೇಳಿಲ್ಲ. ಮಹಲಿನ ಸೌಂದರ್ಯ ಹೊಗಳಿ ಬಸ್ಸು ಹತ್ತುತ್ತಾರೆ.

ನಳದುರ್ಗದಲ್ಲೇ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಸೇರಿದ್ದು. ಬೋರಿಯ ದಂಡೆಯ ಈ ಕ್ಷೇತ್ರಕ್ಕೆ ಮೈಲಾರಪುರ ಅಂತ ಹೆಸರು. ಖಂಡೋಬಾ ಅಂತ ಮರಾಠಿಯಲ್ಲಿ ಕರೆದರೂ ಊರಿನ ಹೆಸರಿನಲ್ಲಿ ನಮ್ಮ ಮೈಲಾರನೇ ಕೂತಿದ್ದಾನೆ. ದೇವರು ವರ್ಷದ ಬಹುಪಾಲು ಸಮೀಪದ ಅಣದೂರಿನಲ್ಲಿ ಇರುತ್ತಾನೆ, ಪುಷ್ಯ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ನಳದುರ್ಗಕ್ಕೆ ಬಂದಿರುತ್ತಾನೆ. ಎರಡೂ ಊರಿನವರು ತಿಥಿ ಪ್ರಕಾರ ದೇವರನ್ನು ಒಪ್ಪಿಸುತ್ತಾರೆ, ಒಪ್ಪಿಸಿಕೊಳ್ಳುತ್ತಾರೆ. ಇಷ್ಟು ದಿನ ನಿಮ್ಮಲ್ಲಿ, ಇಷ್ಟು ದಿನ ನಮ್ಮಲ್ಲಿ. ಬೋರಿ ದಂಡೆಯ ಜನಕ್ಕೆ ಹಂಚಿಕೊಳ್ಳುವ ಕರಾರು ಬರುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ವಿಜಯಪುರ 1686ರಲ್ಲಿ ಔರಂಗಜೇಬನಿಗೆ ಬಿದ್ದ ಮೇಲೆ ನದಿ ಯಾರ್ಯಾರ ಪಾಲಾಯಿತು ಅನ್ನುವುದು ಸ್ವಲ್ಪ ವಿಚಿತ್ರವಾಗಿದೆ. ನಳದುರ್ಗ ಹೈದರಾಬಾದ ನಿಜಾಮನ ಸೀಮೆಗೆ ಹೋಯಿತು. ಅಕ್ಕಲಕೋಟೆ 18ನೇ ಶತಮಾನದ ಆದಿಯಲ್ಲಿ, ಛತ್ರಪತಿ ಶಾಹುವಿನ ಆಶ್ರಯದಲ್ಲಿ ಬೆಳೆದ ಫತೇಸಿಂಹ ಭೋಸಲೆಯ ಕೈಗೆ ಬಂದು ಮುಂದೆ ಒಂದು ಸಣ್ಣ ಸಂಸ್ಥಾನವಾಯಿತು. ಕೆಳಗಿನ ಅಫಜಲಪುರ ಮತ್ತೆ ನಿಜಾಮನದೇ. ನೋಡ್ರಿ, ಹುಟ್ಟುವುದು ನಿಜಾಮನ ನೆಲದಲ್ಲಿ, ನಡು ಭೋಸಲೆಯವರ ನೆಲದಲ್ಲಿ, ಕೊನೆ ಮತ್ತೆ ನಿಜಾಮನ ನೆಲದಲ್ಲಿ. ಇಂದಿನ ನಕಾಶೆ ಹಾಗಿಲ್ಲ. ಈಗ ತಲೆಯೂ ನಡುವೂ ಮಹಾರಾಷ್ಟ್ರ, ಪಾದ ಕರ್ನಾಟಕ. ಈ ನದಿಯ ಎಷ್ಟು ಭಾಗ ಯಾರದು ಎಂಬುದು ಇನ್ನೂರೈವತ್ತು ವರ್ಷಗಳಲ್ಲಿ ಹಲವು ಸಲ ಬದಲಾಯಿತು. ಅದಕ್ಕೇ ದಾಖಲೆ ಹುಡುಕುವವನು ಒಂದು ಊರಿಗೆ ಹೋಗಿ ಕೂತರೆ ಆಗುವುದಿಲ್ಲ. ಮುಂಬಯಿ, ಹೈದರಾಬಾದ, ಬೆಂಗಳೂರು, ಮೂರೂ ಕಡೆ ಅಲೆಯಬೇಕು, ಮೋಡಿ, ಪಾರಸಿ, ಉರ್ದು, ಇಂಗ್ಲಿಷು ಓದಬೇಕು.

ನಡುವೆ ಏಳು ವರ್ಷ ನಳದುರ್ಗ ಬ್ರಿಟಿಷರ ಆಡಳಿತದಲ್ಲೂ ಇತ್ತು. 1853ರಲ್ಲಿ ನಿಜಾಮ ತನ್ನ ಬಾಕಿಯ ಬಾಬತ್ತಿನಲ್ಲಿ ವರ್ಹಾಡ, ರಾಯಚೂರು ದೋಆಬ, ನಳದುರ್ಗದ ಸೀಮೆ ಇಷ್ಟನ್ನು ಕಂಪನಿಗೆ ಬಿಟ್ಟುಕೊಟ್ಟ. 1860ರಲ್ಲಿ ರಾಯಚೂರು, ನಳದುರ್ಗ ಮರಳಿ ಬಂದವು. ಆ ಏಳು ವರ್ಷಗಳಲ್ಲಿ ಇಲ್ಲಿಗೆ ಅಧಿಕಾರಿಯಾಗಿ ಬಂದವನು ನಿಮಗೆಲ್ಲ ಗೊತ್ತಿರುವ ಫಿಲಿಪ್ ಮೆಡೋಸ್ ಟೇಲರ್, ಸುರಪುರದವನು ಅಂತಲೇ ಅನ್ನಬೇಕು. 1877ರಲ್ಲಿ, ಅವನು ತೀರಿದ ಮೇಲೆ, ಪ್ರಕಟವಾದ ಆತ್ಮಕಥೆಯಲ್ಲಿ ನಳದುರ್ಗದ ವಾಸದ ಪುಟಗಳಿವೆ. ಕೋಟೆಯನ್ನೂ ನದಿಯನ್ನೂ ಕಣ್ಣುತುಂಬ ನೋಡಿದವನು. ಕೆಳಗೆ ಹರಿದುಹೋದ ನದಿ ಮಾತ್ರ ಅವನ ಜಿಲ್ಲೆಗೆ ಸೇರಿದ್ದಲ್ಲ.

ಹೈದರಾಬಾದ ಹೋಗಿ, ಸಂಸ್ಥಾನ ಹೋಗಿ, 1956ರ ನವೆಂಬರ 1ಕ್ಕೆ ರಾಜ್ಯಗಳ ಮರುವಿಂಗಡಣೆ ಆಯಿತು. ಕಲಬುರಗಿ ಮೈಸೂರಿಗೆ, ಅಕ್ಕಲಕೋಟೆ ಮತ್ತು ಮರಾಠವಾಡಾ ಮುಂಬಯಿಗೆ. ಬೋರಿಯ ಮೇಲೆ ಹೊಸ ಗೆರೆ ಬಿತ್ತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಅಕ್ಕಲಕೋಟೆ ಸೀಮೆಯನ್ನೂ ಸೇರಿಸಿ 247 ಊರುಗಳು ಮೈಸೂರಿಗೆ ಹೋಗಬೇಕು ಅಂತ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಗಡಿ ಚರ್ಚೆಯಲ್ಲಿ ಶಾಲೆ, ಭಾಷೆ, ಊರು ಎಣಿಸುತ್ತೇವೆ. ನದಿಯ ಕಡೆಯಿಂದ ನೋಡಿದವರು ಕಡಿಮೆ. ಶಿಫಾರಸು ಜಾರಿಯಾಗಿದ್ದರೆ ಗಡಿಗೆರೆ ಬೋರಿಯ ಮೇಲೆ ಕೆಳಗಿನಿಂದ ಮೇಲಕ್ಕೆ ಸರಿಯುತ್ತಿತ್ತು: ಕುರನೂರ ಕರ್ನಾಟಕದ್ದು, ನಳದುರ್ಗ ಮಹಾರಾಷ್ಟ್ರದ್ದು. ಆಗ ನಳದುರ್ಗದ ಮೇಲ್ಗಡೆ ಎಷ್ಟು ತಡೆಯುತ್ತಾರೆ ಅನ್ನುವುದು ನಮ್ಮ ಚಿಂತೆ ಆಗಿರುತ್ತಿತ್ತು, ಇಂದು ಅಫಜಲಪುರದವರ ಚಿಂತೆ ಇರುವ ಹಾಗೆ. ಗೆರೆ ಎಲ್ಲಿ ಎಳೆದರೂ ಅದರ ಕೆಳಗೆ ಯಾರೋ ಇದ್ದೇ ಇರುತ್ತಾರೆ.

ಅದೇ 1960ರ ದಶಕದಲ್ಲಿ ಕುರನೂರ ಒಡ್ಡು ಎದ್ದಿತು. ಮಣ್ಣಿನ ಒಡ್ಡು, ಒಂದು ಕಿಲೋಮೀಟರಿಗಿಂತ ಉದ್ದ. ಹಿಡಿಯುವ ನೀರು ಒಂದು ಟಿ.ಎಂ.ಸಿ. ಆಸುಪಾಸು. ಭೀಮೆಯ ಮೇಲಿನ ಉಜನಿಯ 117 ಟಿ.ಎಂ.ಸಿ. ಮುಂದೆ ಇದು ಚೊಂಬಿನಷ್ಟು. ಆದರೆ ಅಕ್ಕಲಕೋಟೆ, ಮೈಂದರ್ಗಿ, ದುಧನಿ ಪಟ್ಟಣಗಳ ಕುಡಿಯುವ ನೀರು ಈ ಚೊಂಬಿನದೇ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಸಾವಿರಾರು ಯಾತ್ರಿಕರು ಕುಡಿಯುವುದೂ ಬೋರಿಯ ನೀರನ್ನೇ. ಒಡ್ಡಿನ ಕೆಳಗೆ ಸಾಲಾಗಿ ಕೊಲ್ಹಾಪುರಿ ಬಾಂದಾರಗಳು: ಮಳೆ ಮುಗಿದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುವುದು, ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆಯುವುದು. ಹಲಗೆ ಹೊತ್ತಿಗೆ ಸರಿಯಾಗಿ ಹಾಕದಿದ್ದರೆ ನೀರು ಹೋಯಿತು. ಹೊತ್ತಿಗೆ ತೆಗೆಯದಿದ್ದರೆ ದಂಡೆ ಹೋಯಿತು. 1972ರ ಬರದ ಕಾಮಗಾರಿಯಲ್ಲಿ ಈ ಸೀಮೆಯ ತುಂಬ ‘ಪಾಝರ ತಲಾವ’ಗಳಾದವು, ಇಂಗುಕೆರೆಗಳು. ನಳದುರ್ಗದ ಬಳಿಯೂ ಬೋರಿಗೆ ಬೇರೊಂದು ಒಡ್ಡು ಇದೆ. ಅದು ತುಂಬಿ ಕೋಡಿ ಬಿದ್ದ ಮೇಲೆಯೇ ಪಾಣಿ ಮಹಲಿನ ನರ-ಮಾದಿ ಧುಮುಕುವುದು, ಆ ಮೇಲಿಂದಲೇ ಕುರನೂರಕ್ಕೆ ದೊಡ್ಡ ಒಳಹರಿವು. ಒಬ್ಬರದು ತುಂಬಿ ಮಿಕ್ಕದ್ದು ಇನ್ನೊಬ್ಬರಿಗೆ. ಒಳ್ಳೆ ವರ್ಷದಲ್ಲಿ ಇದು ನಡೆಯುತ್ತದೆ. ಎರಡು ವರ್ಷ ಮಳೆ ಕೈಕೊಟ್ಟರೆ ಮೊದಲ ಕೊಡವೇ ತುಂಬುವುದಿಲ್ಲ, ಹೊಲದಲ್ಲಿ ಕಬ್ಬು ಮಾತ್ರ ನಿಂತಿರುತ್ತದೆ. ಜೋಳದ ನದಿಗೆ ಕಬ್ಬಿನ ಕೆಲಸ ಹಚ್ಚಿದ್ದು ನಮ್ಮ ಕಾಲದ ನಿರ್ಧಾರ, ಅದನ್ನು ಆದಿಲಶಾಹನ ತಲೆಗೆ ಕಟ್ಟಲಿಕ್ಕೆ ಬರುವುದಿಲ್ಲ.

ಈಗ ಏಕರುಖ ಏತ ನೀರಾವರಿಯ ಮಾತು. ಸೊಲ್ಲಾಪುರದ ಹತ್ತಿರದ ಏಕರುಖ ಕೆರೆ 1871ರಲ್ಲಿ ಬ್ರಿಟಿಷರು ಮುಗಿಸಿದ್ದು. ಉಜನಿಯ ನೀರನ್ನು ಆ ಕೆರೆಯ ಮೂಲಕ ಎತ್ತಿ ಅಕ್ಕಲಕೋಟೆಯ ಕಡೆ, ಕುರನೂರದವರೆಗೆ, ತರುವ ಯೋಜನೆ ಇದು. ಅಂದರೆ ಭೀಮೆಯ ನೀರನ್ನೇ ಮೇಲಕ್ಕೆತ್ತಿ ಬೋರಿಗೆ ಹಾಕುವುದು, ಅದು ಮಿಕ್ಕರೆ ಬೋರಿ ಮತ್ತೆ ಭೀಮೆಗೇ ಕೊಡುವುದು. ಉಪನದಿ ಹೊಳೆಗೆ ಕೊಡಬೇಕು ಅನ್ನುವ ಭೂಗೋಳದ ಪಾಠ ಇಲ್ಲಿ ತಿರುವುಮುರುವು.

ಕೆಳಗಿನವರ ಕತೆ ಹೇಳಿ ಮುಗಿಸುತ್ತೇನೆ. 2020ರ ಅಕ್ಟೋಬರ್ ಮಧ್ಯದಲ್ಲಿ ಬಂಗಾಳ ಉಪಸಾಗರದ ವಾಯುಭಾರ ಕುಸಿತ ತೆಲಂಗಾಣ ದಾಟಿ ಬಂದು ಕಲಬುರಗಿ, ಸೊಲ್ಲಾಪುರದ ಮೇಲೆ ಸುರಿಯಿತು. ಹಸ್ತದ ಮಳೆ ಮುಗಿದ ಹೊತ್ತು, ಎರಿ ತುಂಬಿತ್ತು, ಒಡ್ಡುಗಳೂ ತುಂಬಿದ್ದವು. ಬೋರಿ ಉಕ್ಕಿತು, ಭೀಮೆಯೂ ಉಕ್ಕಿತು. ಇಂಥ ಹೊತ್ತಿನಲ್ಲಿ ಕೂಡುಸ್ಥಳದ ಹತ್ತಿರ ಏನಾಗುತ್ತದೆ ಅಂದರೆ, ದೊಡ್ಡ ಹೊಳೆ ದಂಡೆ ತುಂಬಿ ನಿಂತಿರುವಾಗ ಸಣ್ಣ ನದಿಗೆ ಸೇರಲು ಜಾಗವಿರುವುದಿಲ್ಲ. ಮೇಲಿನಿಂದ ಬರುವ ನೀರು, ಮುಂದೆ ಹೊಳೆಯ ಗೋಡೆ. ಅದು ಹಿಂದಕ್ಕೆ ಒತ್ತಿ ಹೊಲಕ್ಕೆ ಹರಡುತ್ತದೆ. ಉಜನಿಯಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದು ಅಂಥ ದಿನಗಳಲ್ಲಿ ಟೀವಿಯಲ್ಲೇ ಬರುತ್ತದೆ. ಸಣ್ಣ ನದಿಯ ಲೆಕ್ಕ ಅಷ್ಟು ಸುಲಭಕ್ಕೆ ಹಳ್ಳಿಯವರ ಕಿವಿಗೆ ಬೀಳುವುದಿಲ್ಲ. ಅದೂ ಎಚ್ಚರಿಕೆ ಒಂದು ರಾಜ್ಯದ ಭಾಷೆಯಲ್ಲಿ ಹೊರಟು ಇನ್ನೊಂದು ರಾಜ್ಯದ ತಹಶೀಲ ಕಚೇರಿಗೆ ಮುಟ್ಟಿ, ಅಲ್ಲಿಂದ ಡಂಗುರವಾಗುವ ಹೊತ್ತಿಗೆ ಕೆಳಸೇತುವೆ ಮುಳುಗಿರುತ್ತದೆ. ಕುರನೂರದಿಂದ ಭೀಮೆಯ ತನಕದ ಊರುಗಳ ಒಂದೇ ಪಟ್ಟಿ, ಎರಡೂ ಭಾಷೆಯಲ್ಲಿ, ಎರಡೂ ಕಡೆಯ ಕಚೇರಿಯಲ್ಲಿ ಗೋಡೆಗೆ ಅಂಟಿಸುವಷ್ಟು ಕೆಲಸ ಮೊದಲು ಆಗಲಿ ಅಂತ ನನ್ನ ಕೋರಿಕೆ. ಸಂಶೋಧಕರಿಗೂ ಆ ಪಟ್ಟಿ ಬೇಕು.

ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ. ಹೆಸರು ಎಲ್ಲಿಂದ ಬಂತು ಅಂತ ಮೊದಲನೆಯದು. ಮರಾಠಿಯಲ್ಲಿ ‘ಬೋರ’ ಅಂದರೆ ನಮ್ಮ ಬಾರಿಹಣ್ಣು, ಕನ್ನಡದಲ್ಲೂ ಬೋರೆ ಅಂತೀವಲ್ಲ. ಖಾನದೇಶದಲ್ಲಿ ತಾಪಿಗೆ ಸೇರುವ ಇನ್ನೊಂದು ಬೋರಿ ಇದೆ. ಮಡ್ಡಿಯ ಮುಳ್ಳುಗಿಡದ ಹೆಸರು ಅದರ ಬುಡದ ಹಳ್ಳಕ್ಕೆ ಬಂದಿರಬೇಕು ಅಂತ ನನ್ನ ಊಹೆ.

ಎರಡನೆಯದು ಕಲಬುರಗಿಯ ಕಡೆಯ ಸ್ನೇಹಿತರದು: ಪಕ್ಕದ ಅಮರ್ಜಾ ಇಷ್ಟೇ ಸಣ್ಣದು, ಅದು ಎಲ್ಲರಿಗೂ ಹೇಗೆ ಗೊತ್ತು? ಅಮರ್ಜಾ ಭೀಮೆಗೆ ಸೇರುವುದು ಗಾಣಗಾಪುರದ ಸಂಗಮದಲ್ಲಿ. ಅದಕ್ಕೆ ‘ಗುರುಚರಿತ್ರೆ’ ಸಿಕ್ಕಿತು. ಅದನ್ನು ಬರೆದ ಸರಸ್ವತಿ ಗಂಗಾಧರರ ತಾಯಿನುಡಿ ಕನ್ನಡ, ಬರೆದದ್ದು ಮರಾಠಿಯಲ್ಲಿ. ಈ ಸೀಮೆಯ ಮಟ್ಟಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಬೋರಿಯ ಕೂಡುಸ್ಥಳಕ್ಕೆ ಅಂಥ ಪುಸ್ತಕ ಬರಲಿಲ್ಲ. ಅಲ್ಲಿಗೆ ಹೋಗುವವರು ದಂಡೆಯ ರೈತರು, ಮೋಟಾರು ನೋಡಿಕೊಳ್ಳಲಿಕ್ಕೆ.